ಒಂದು ವೆಂಟಿಲೇಟರಿಗೆ ಇಬ್ಬರು ರೋಗಿಗಳು: ಯಂತ್ರಕ್ಕೆ ಶಕ್ತಿಯಿದ್ದರೆ ಸಾಲದೇ?

ಸುಮಾ, ನರ್ಸಿಂಗ್ ವಿದ್ಯಾರ್ಥಿನಿ:
2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕವಲು ಕೊಳವೆ ಹಾಕಿ ಇಬ್ಬರು ಕೋವಿಡ್ ರೋಗಿಗಳನ್ನು ಒಂದೇ ವೆಂಟಿಲೇಟರಿಗೆ ಜೋಡಿಸಿದ್ದರೆಂದು ಓದಿದೆ. ಯಂತ್ರದ ಕೊರತೆಯಿದ್ದ ಕಡೆಯೆಲ್ಲ ಹೀಗೇಕೆ ಮಾಡಲಿಲ್ಲ?

ವಸುಧಾ, ಅರಿವಳಿಕೆ ವೈದ್ಯೆ:
ಯಂತ್ರಕ್ಕೆ ಶಕ್ತಿಯೇನೋ ಇದೆ. 2006ರಲ್ಲೇ ನೇಮನ್ ಮತ್ತು ಬ್ಯಾಬ್‌ಕಾಕ್ ಎಂಬ ಅಮೆರಿಕದ ವೈದ್ಯರು ಒಂದು ಯಂತ್ರದಿಂದ ನಾಲ್ಕು ಕೃತಕ ಶ್ವಾಸಕೋಶಗಳಿಗೆ ಗಾಳಿ ಹಾಯಿಸಿ ತೋರಿಸಿದ್ದರು. ತೊಡಕಿರುವುದು ಮನುಷ್ಯರ ಶ್ವಾಸಕೋಶದಲ್ಲಿ.

ಹೀಗೆ ಲೆಕ್ಕ ಹಾಕಿ, ಸುಮಾ. ಇಬ್ಬರಿಗೂ ಉಸಿರು ತುಂಬುವ ಒತ್ತಡ 15 ಸೆಂ.ಮೀ. ಎತ್ತರದ ನೀರಿನಷ್ಟು. ಒಬ್ಬರ ಶ್ವಾಸಕೋಶ ಪ್ರತಿ ಸೆಂ.ಮೀ.ಗೆ 40 ಮಿ.ಲೀ. ಹಿಗ್ಗುತ್ತದೆ, ಇನ್ನೊಬ್ಬರದು ಬಿಗಿದುಕೊಂಡು ಬರೀ 20. ಒಂದು ಉಸಿರಿಗೆ ಮೊದಲನೆಯವರಿಗೆ 600 ಮಿ.ಲೀ. ಗಾಳಿ, ಎರಡನೆಯವರಿಗೆ 300. ಎಪ್ಪತ್ತು ಕೆ.ಜಿ.ಯವರಿಗೆ ನಾವು ಕೊಡಬಯಸುವುದು ಸುಮಾರು 420. ಒಬ್ಬರ ಶ್ವಾಸಕೋಶ ಹಿಗ್ಗಿ ಗಾಯಗೊಳ್ಳುತ್ತದೆ, ಇನ್ನೊಬ್ಬರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಪರದೆಯ ಮೇಲೆ ಕಾಣುವುದು ಮಾತ್ರ ಇಬ್ಬರದೂ ಸೇರಿದ 900! ಎರಡನೆಯವರು ಇನ್ನಷ್ಟು ಕೆಟ್ಟು 225ಕ್ಕೆ ಇಳಿದರೂ ಒಟ್ಟು ಮೊತ್ತ 825, ಅಲಾರಾಂ ಸುಮ್ಮನಿದ್ದುಬಿಡಬಹುದು. ನನಗೆ ಭಯವಾಗುವುದು ಇದಕ್ಕೇ.

ಇಬ್ಬರೂ ಸ್ವಂತ ಉಸಿರೆಳೆಯದಂತೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ಇರಬೇಕು. ಒಬ್ಬರ ಕೊಳವೆ ಕಳಚಿದರೆ ಇನ್ನೊಬ್ಬರ ಒತ್ತಡವೂ ಕುಸಿಯುತ್ತದೆ.

ರಮೇಶ, ವೈದ್ಯಕೀಯ ಉಪಕರಣ ತಂತ್ರಜ್ಞ:
ಮೇಡಂ, 2017ರಲ್ಲಿ ಲಾಸ್ ವೇಗಾಸ್ ಗುಂಡಿನ ದಾಳಿಯ ರಾತ್ರಿ ಒಬ್ಬ ವೈದ್ಯರು ಹೀಗೆ ಮಾಡಿದ್ದರಲ್ಲವೇ? ಫಿಲ್ಟರ್ ಮತ್ತು ಏಕಮುಖ ಕವಾಟ ಹಾಕಿದರೆ ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗದಂತೆಯೂ ತಡೆಯಬಹುದು.

ವಸುಧಾ:
ಹೌದು ರಮೇಶ್ ಅವರೇ. ಆದರೆ ಅಲ್ಲಿದ್ದವರು ಗುಂಡೇಟು ತಿಂದವರು, ಹೊತ್ತು ಕಳೆದರೆ ಬೇರೆ ಯಂತ್ರ ಸಿಗುತ್ತದೆಂಬ ಭರವಸೆಯೂ ಇತ್ತು. ಕೋವಿಡ್ ರೋಗಿ ವಾರಗಟ್ಟಲೆ ಯಂತ್ರದ ಮೇಲಿರುತ್ತಾರೆ, ಶ್ವಾಸಕೋಶ ದಿನಕ್ಕೊಂದು ರೀತಿ ಬದಲಾಗುತ್ತದೆ. ಬೆಳಿಗ್ಗೆ ಹೊಂದಿದ ಜೋಡಿ ಸಂಜೆಗೆ ಹೊಂದುವುದಿಲ್ಲ. ಫಿಲ್ಟರ್ ಸೋಂಕನ್ನು ತಡೆದೀತು, ಈ ಏರುಪೇರನ್ನಲ್ಲ. 2020ರ ಮಾರ್ಚ್ 26ರಂದು ಅಮೆರಿಕದ ಅರಿವಳಿಕೆ ಮತ್ತು ತೀವ್ರ ನಿಗಾ ತಜ್ಞರ ಸಂಘಗಳು ಒಟ್ಟಾಗಿ ಇದು ಬೇಡವೆಂದವು: ಬದುಕುವ ಸಾಧ್ಯತೆ ಹೆಚ್ಚಿರುವವರಿಗೆ ಯಂತ್ರ ಕೊಡಿ, ಹಂಚಲು ಹೋಗಿ ಎಲ್ಲರನ್ನೂ ಕಳೆದುಕೊಳ್ಳಬೇಡಿ ಎಂಬುದು ಅವರ ವಾದ. ಕೇಳಲು ಎದೆ ಹಿಂಡುವ ಮಾತು. ನಾನು ಅದನ್ನು ಒಪ್ಪುತ್ತೇನೆ.

ಸುಮಾ:
ಹಾಗಾದರೆ ಕೊರತೆಯಾದಾಗ ನೀವೇನು ಮಾಡುತ್ತೀರಿ, ಮೇಡಂ?

ವಸುಧಾ:
ಮೊದಲು ಆಪರೇಷನ್ ಥಿಯೇಟರಿನ ಅರಿವಳಿಕೆ ಯಂತ್ರಗಳನ್ನು ಹೊರತರಿಸುತ್ತೇನೆ, ಅವುಗಳಲ್ಲೂ ವೆಂಟಿಲೇಟರ್ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಹರಳು ಬಣ್ಣ ಬದಲಾಯಿಸಿತೇ, ಕೊಳವೆಯಲ್ಲಿ ನೀರು ನಿಂತಿತೇ ಎಂದು ನೋಡಲು ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಅಷ್ಟು ಜನ ಸಿಗುವುದೇ ಕಷ್ಟ.