ಕಾಣಿಕೆ ಎತ್ತಿ ಕೊಡೋದು ಗೊತ್ತು, ಬಡವರ ಪರ ನಿಂತು ಮಾತಾಡೋದು ಹೇಗೆ? (ಮೈಸೂರು)

ಸುಗ್ಗಿಮನೆ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾವು ಮೈಸೂರಿನೋರು, ನಮ್ದು ಚಿಕ್ಕ ಕ್ರೈಸ್ತ ಸಭೆ, ಅರವತ್ತು ಮನೆ ಇರಬಹುದು. ಟೀಚರು, ನರ್ಸು, ಆಟೋ ಓಡಿಸೋರು, ರಿಟೈರ್ ಆದೋರು ಇಷ್ಟೇ, ದೊಡ್ಡ ದುಡ್ಡಿನೋರು ಯಾರೂ ಇಲ್ಲ. ಆದ್ರೂ ಬಡವರಿಗೆ ಅಂದ್ರೆ ನಮ್ಮೋರು ಕೈ ಹಿಂದೆ ಎಳೆಯಲ್ಲ. ಸುಗ್ಗಿ ಹಬ್ಬದಲ್ಲಿ ಆರಾಧನೆ ಮುಗಿದ್ಮೇಲೆ ಹರಾಜು ಇರತ್ತಲ್ಲ, ಈ ಸಲ ಒಬ್ಬ ಅಜ್ಜಿ ಹಿತ್ತಲಲ್ಲಿ ಬೆಳೆದ ಒಂದೇ ಒಂದು ಕುಂಬಳಕಾಯಿ ತಂದಿಟ್ಟಿದ್ರು, ಮೊದಲು ಕೂಗಿದೋರು 300ಕ್ಕೆ ತಗೊಂಡು ದುಡ್ಡು ಕೊಟ್ಟು ಕಾಯಿನ ವಾಪಸ್ ಮೇಜಿನ ಮೇಲೇ ಇಟ್ರು, ಇನ್ನೊಬ್ರು 450, ಮತ್ತೊಬ್ರು 500, ಹಿಂಗೇ ನಾಲ್ಕು ಕೈ ತಿರುಗಿ ಆ ಒಂದು ಕಾಯಿಗೇ 1,900 ರೂಪಾಯಿ ಬಂತು. ಬಾಳೆಗೊನೆ, ನಾಟಿ ಕೋಳಿ, ಹೆಂಗಸ್ರು ಮಾಡಿದ ರೋಸ್ ಕುಕ್ಕೀಸು ಎಲ್ಲಾ ಸೇರಿ ಮೂವತ್ತೊಂದು ಸಾವಿರ ಚಿಲ್ಲರೆ ಆಯ್ತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಹಿಂದಿನ ಬೀದೀಲಿ ಒಬ್ರು ಹೆಂಗಸಿದ್ದಾರೆ, ನಮ್ ಸಭೆಯವರಲ್ಲ, ಮೂರು ಮನೆ ಕೆಲಸ ಮಾಡ್ತಾರೆ, ಎಲ್ಲಾ ಸೇರಿ ತಿಂಗಳಿಗೆ 11,000 ಬರತ್ತೆ. ಗಂಡಂದು ಗಾರೆ ಕೆಲಸ, ಸಾರ್ವೆ ಮೇಲಿಂದ ಬಿದ್ದು ಸೊಂಟ ಹೋಗಿ ಮಲಗಿದ್ದಾರೆ. ಆಸ್ಪತ್ರೆಗೆ ಅಂತ ಒಂದು ಸಂಘದ ಸಾಲ, ಅದರ ಕಂತು ಕಟ್ಟೋಕೆ ಇನ್ನೊಂದು ಸಾಲ, ಹಿಂಗೆ ಈಗ ನಾಲ್ಕು ಕಡೆ ಆಗಿ ವಾರಕ್ಕೆ 2,350 ಕಟ್ಟಬೇಕು. ನಾವು ಹರಾಜಿನ ದುಡ್ಡಿಂದ ಮೂರು ವಾರ ಕಟ್ಟಿದ್ವಿ. ನಾಲ್ಕನೇ ವಾರ ಆಗ್ಲಿಲ್ಲ. ಅವತ್ತು ಕಲೆಕ್ಷನ್ ಹುಡುಗ ರಾತ್ರಿ ಎಂಟೂವರೆ ತನಕ ಹೊಸ್ತಿಲ ಮೇಲೇ ಕೂತಿದ್ದ, ಊಟಕ್ಕೆ ಕೂತಿದ್ದ ಮಕ್ಕಳು ಅವನ ಕಣ್ಣಿಗೆ ಬೀಳಬಾರ್ದು ಅಂತ ತಟ್ಟೆ ಎತ್ಕೊಂಡು ಒಲೆ ಪಕ್ಕ ಹೋಗಿ ಕೂತ್ವು. ನಾನೇ ನೋಡ್ದೆ.

ಮಾರನೇ ದಿನ ನಾನು ಪರ್ಸು ತೆಗೆಯೋಕ್ ಹೋದ್ರೆ ಅವ್ರು ನನ್ ಕೈ ಹಿಡ್ಕೊಂಡು "ಅಕ್ಕಾ ದುಡ್ಡು ಬೇಡ, ಒಂದ್ಸಲ ನನ್ ಜೊತೆ ಸ್ಟೇಷನ್‌ಗೆ ಬನ್ನಿ, ಒಬ್ಳೇ ಹೋದ್ರೆ ನನ್ನ ಕೂರಿಸೋದೂ ಇಲ್ಲ" ಅಂದ್ರು. ನನಗೆ ಉತ್ತರ ಹೊರಡ್ಲಿಲ್ಲ. ಕಮಿಟೀಲಿ ಕೇಳಿದ್ರೆ ಕೊಡೋದು ಕೊಡೋಣ, ಸ್ಟೇಷನ್ನು ಕೇಸು ಎಲ್ಲಾ ನಮಗ್ಯಾಕೆ, ಊರಲ್ಲಿ ನಾವಿರೋದೇ ಬೆರಳೆಣಿಕೆ ಅಂತಾರೆ. ನಮ್ಮನೆಯವರಿಗೂ ಅದೇ ಭಯ. ನಮ್ಮಂಥ ಸಾಮಾನ್ಯ ಮನೆಯೋರು ಯಾರಾದ್ರೂ ಹಿಂಗೆ ಬಡವರ ಜೊತೆ ಹೋಗಿ ಮಾತಾಡಿದ್ದೀರಾ? ಎಲ್ಲಿಂದ ಶುರು ಮಾಡಿದ್ರಿ?

ಕಬ್ಬಿನ್_ಗದ್ದೆ:

ಅಕ್ಕ, ನಾನು ಮಂಡ್ಯ ಕಡೆಯೋನು, ನಮ್ದು ಕ್ಯಾಥೊಲಿಕ್ ಮನೆ. ದುಡ್ಡು ಎತ್ತೋದು ಅಂದ್ರೆ ನಮ್ಮವ್ವನ ಡಬ್ಬ ಗ್ಯಾಪ್ನ ಬತ್ತದೆ. ಈಸ್ಟರ್ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾದ್ರೆ ದಿನಾ ಅಕ್ಕಿ ತೊಳೆಯೋಕ್ ಮುಂಚೆ ಒಂದ್ ಹಿಡಿ ತಗ್ದು ಡಬ್ಬಕ್ಕೆ ಹಾಕೋರು, ಮುದ್ದೆ ದಿನ ಆದ್ರೆ ಒಂದ್ ಹಿಡಿ ರಾಗಿ ಹಿಟ್ಟು, ಈಸ್ಟರ್ ಹತ್ರಕ್ಕೆ ಅದು ಚರ್ಚ್‌ಗೆ ಹೋಗದು, ಅಲ್ಲಿಂದ ಇಲ್ಲದೋರ ಮನೆಗೆ. ಮಿಜೋರಾಂನಲ್ಲಿ ಹೆಂಗಸ್ರು ನೂರು ವರ್ಷದ ಮೇಲಿಂದ ಇದೇ ತರ ಹಿಡಿ ಅಕ್ಕಿ ಎತ್ತಿ ಸಭೆ ಕೆಲಸ ನಡೆಸ್ಕಂಡು ಬಂದವ್ರೆ ಅಂತ ಅಲ್ಲಿ ಕೆಲಸ ಮಾಡಿ ಬಂದ ಒಬ್ರು ಸಿಸ್ಟರ್ ಹೇಳಿದ್ರು, ಅವ್ವಂಗೆ ಅದ ಕೇಳಿ ಭಾಳ ಖುಷಿಯಾಗಿತ್ತು.

ಮಾತಾಡೋ ವಿಚಾರ ಕೇಳಿದ್ರಲ್ಲ, ಅದ ನಾನು ಕಲಿತಿದ್ದು ಒಬ್ರು ಗಂಡ ಇಲ್ದ ಹೆಂಗಸ್ನಿಂದ. ವಿಧವಾ ವೇತನ, ಆಗ ತಿಂಗಳಿಗೆ 800 ರೂಪಾಯಿ. ಅಷ್ಟಕ್ಕೆ ಆಯಮ್ಮ ಒಂದು ಕಚೇರಿಗೆ ಐದು ಸಲ ಅಲೆದಿದ್ರು, ಒಂದ್ ಸಲ ಆಧಾರಲ್ಲಿ ಹೆಸ್ರು ಸರಿ ಇಲ್ಲ, ಒಂದ್ ಸಲ ಸಾಹೇಬ್ರಿಲ್ಲ, ಒಂದ್ ಸಲ ಸರ್ವರ್ ಇಲ್ಲ. ಪ್ರತಿ ಸಲ ಒಂದ್ ದಿನದ ಕೂಲಿ ಹೋಯ್ತದೆ, ಬಸ್ ಚಾರ್ಜು ಬ್ಯಾರೆ. ಆರನೇ ಸಲ ನಾನು ಜೊತೆಗೋದೆ. ದೊಡ್ಡ ಮಾತೇನೂ ಆಡ್ನಿಲ್ಲ ಕಣಕ್ಕ, ಆಯಮ್ಮನ ಪಕ್ಕ ನಿಂತ್ಕಂಡು "ಸರ್, ಅರ್ಜಿ ತಗಂಡು ಸಕಾಲ ನಂಬರ್ ಕೊಡಿ" ಅಂದೆ, ಅಷ್ಟೆಯ. ಸಕಾಲ ಕಾಯ್ದೆ 2011ರಿಂದ್ಲೂ ಐತೆ, ಅರ್ಜಿ ಕೊಟ್ರೆ 15 ಅಂಕಿ ನಂಬರಿರೋ ರಸೀದಿ ಕೊಡ್ಬೇಕು, ಇಷ್ಟು ದಿನದೊಳಗೆ ಮಾಡ್ಬೇಕು ಅಂತ ಗಡುವೈತೆ, ಮೀರಿದ್ರೆ ಮೇಲಿನೋರಿಗೆ ಅಪೀಲು. ನಂಬರ್ ಅಂದ ತಕ್ಷಣ ಅರ್ಜಿ ಒಳಕ್ಕೋಯ್ತು.

ಆಮೇಲೆ ನನಗೆ ಬಲೇ ಬೇಜಾರಾಯ್ತು, ಯಾಕಂದ್ರೆ ನಮ್ಮನೆಯಿಂದ ಆಯಮ್ಮಂಗೆ ಎರಡು ವರ್ಷದಿಂದ ಅಕ್ಕಿ ಹೋಗ್ತಿತ್ತು, ಒಬ್ರೂ "ನಿಮಗೆ ವೇತನ ಬತ್ತದಾ ಅಕ್ಕ" ಅಂತ ಕೇಳಿರ್ನಿಲ್ಲ. ನೀವು ಹೋಗಿ ಬನ್ನಿ ಅಕ್ಕ. ಒಬ್ರೇ ಹೋಗ್ಬೇಡಿ, ಇನ್ನೊಬ್ರನ್ನ ಕರ್ಕೊಳಿ.

ಚಂದ್ರಣ್ಣನ_ಬೀದಿ:

ಸಾಲ ತಗೊಂಡ್ಮೇಲೆ ಕಟ್ಟಬೇಕಲ್ವಾ? ಕಟ್ಟಬೇಡಿ ಅಂತ ಹೇಳಿಕೊಟ್ರೆ ನಾಳೆ ಆ ಬೀದಿಗೆ ಯಾರೂ ಸಾಲ ಕೊಡಲ್ಲ, ಆಗ ಮೀಟರ್ ಬಡ್ಡಿಯೋರ ಹತ್ರ ಹೋಗ್ತಾರೆ. ನೋಡ್ಕೊಂಡು ಮಾಡಿ.

ಹಳೇ_ಕ್ಯಾಷಿಯರ್:

ಮೇಲಿನವರು ಹೇಳಿದ್ದನ್ನ ತಳ್ಳಿ ಹಾಕೋಕಾಗಲ್ಲ, ಆದ್ರೆ ಕಟ್ಟಬೇಡಿ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ನಾನು ಬ್ಯಾಂಕಲ್ಲಿ 28 ವರ್ಷ ಇದ್ದು ಬಂದೋನು, ಸಾಲ ವಸೂಲಿಗೂ ಒಂದು ಕ್ರಮ ಇದೆ, ಕೇಳ್ತಿರೋದು ಅದನ್ನ.

ಮೇಡಂ, 2022ರಲ್ಲಿ ಆರ್‌ಬಿಐ ಕಿರುಸಾಲಕ್ಕೆ ಅಂತಲೇ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋ ಮನೆಗೆ ಅಡಮಾನ ಇಲ್ಲದೆ ಕೊಡೋ ಸಾಲ ಇದು. ಆ ಮನೆ ಕಟ್ಟೋ ಎಲ್ಲಾ ಸಾಲದ ಕಂತು ಸೇರಿದ್ರೂ ತಿಂಗಳ ಆದಾಯದ ಅರ್ಧ ಮೀರಬಾರ್ದು. ನೀವೇ ಲೆಕ್ಕ ಹಾಕಿ, 11,000ದಲ್ಲಿ ಅರ್ಧ 5,500, ಅವ್ರು ವಾರಕ್ಕೆ 2,350 ಅಂದ್ರೆ ನಾಲ್ಕು ವಾರಕ್ಕೇ 9,400 ಕಟ್ತಿದ್ದಾರೆ. ಗಂಡ ದುಡೀತಿದ್ದಾಗ ಕೊಟ್ಟ ಸಾಲ ಯಾವುದು, ಮಲಗಿದ್ಮೇಲೆ ಕೊಟ್ಟಿದ್ದು ಯಾವುದು, ಆಗ ಆದಾಯ ಎಷ್ಟು ಅಂತ ಬರ್ಕೊಂಡ್ರು, ಇದು ಕೇಳಬೇಕಾದ ಮೊದಲ ಪ್ರಶ್ನೆ. ಎರಡನೇದು, ವಸೂಲಿ ಮಾಡೋದು ಇಬ್ರೂ ಒಪ್ಪಿದ ಒಂದು ಜಾಗದಲ್ಲಿ. ಒಂದರ ಹಿಂದೊಂದು ಎರಡು ಸಲ ಆ ಜಾಗಕ್ಕೆ ಬರದೇ ತಪ್ಪಿಸಿದ್ರೆ ಮಾತ್ರ ಮನೆ ಬಾಗಿಲಿಗೆ ಬರಬಹುದು, ಇಲ್ಲದಿದ್ರೆ ಬರೋ ಹಾಗೇ ಇಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಾಯಂಕಾಲ 6ರ ಮೇಲೆ ಫೋನ್ ಕೂಡ ಮಾಡಬಾರ್ದು. ರಾತ್ರಿ ಎಂಟೂವರೆಗೆ ಹೊಸ್ತಿಲ ಮೇಲೆ ಕೂತಿದ್ದ ಅಂದ್ರಲ್ಲ, ಅದು ಅಲ್ಲೇ ತಪ್ಪಾಯ್ತು. ತಡವಾದ್ರೆ ದಂಡ ಹಾಕೋದೂ ಬಾಕಿ ನಿಂತ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ಸಾಲದ ಕಾರ್ಡು ಅವರಿಗೆ ಅರ್ಥ ಆಗೋ ಭಾಷೇಲಿರಬೇಕು, ನಾಲ್ಕೂ ಕಾರ್ಡು ಕೇಳಿ ಇಸ್ಕೊಂಡು ಮೇಜಿನ ಮೇಲೆ ಹರಡ್ಕೊಂಡು ಒಂದು ಹಾಳೇಲಿ ಬರೀರಿ, ಯಾವ ತಾರೀಖು, ಎಷ್ಟು ಸಾಲ, ಎಷ್ಟು ಕಟ್ಟಿದೆ. ಅರ್ಧ ಭಯ ಅಲ್ಲೇ ಹೋಗತ್ತೆ, ನೋಡಿ ಹೇಳ್ತಿದ್ದೀನಿ.

ನಮ್ಮ ರಾಜ್ಯದ ಕಾನೂನು ಬೇರೆ ಇದೆ. 2025ರ ಶುರುವಿನಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಕಡೆ ಜನ ಕಂತಿನ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ರಲ್ಲ, ಅದಾದ್ಮೇಲೆ ಫೆಬ್ರವರೀಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆನೂ ಆಯ್ತು. ಸಾಲಗಾರರಿಗೆ ಬೆದರಿಕೆ, ಕಿರುಕುಳ ಕೊಟ್ರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಆ ಕಾನೂನು ಬಂದಿದ್ದು ಹಳ್ಳಿ ಹೆಂಗಸ್ರು ಬೀದೀಲಿ ನಿಂತು ಬಾಯಿಬಿಟ್ಟು ಹೇಳ್ಕೊಂಡಿದ್ದಕ್ಕೆ, ಇಲ್ಲದಿದ್ರೆ ಯಾರಿಗೆ ಗೊತ್ತಾಗ್ತಿತ್ತು. ವಕೀಲರ ಖರ್ಚಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೇ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಫೋನ್ 15100.

ಮಂಡಿಮೊಹಲ್ಲಾ_ಅಜ್ಜಿ:

ಮಗಳೇ, ನಿಮ್ಮ ಕಮಿಟಿಯವರ ಭಯಾನ ಸುಮ್ಮನೆ ತಳ್ಳಬೇಡ. ನಾನು ಎಪ್ಪತ್ತು ದಾಟಿದೋಳು, ನಾವು ಒಂದು ಸೇರು ಅಕ್ಕಿ ಕೊಟ್ರೂ ಯಾಕೆ ಕೊಟ್ರು ಅಂತ ಕೇಳೋ ಕಾಲ ಬಂದಿದೆ, 2022ರ ಕಾಯ್ದೇಲಿ ದುಡ್ಡು, ಉಡುಗೊರೆ ತೋರಿಸಿ ಮತಾಂತರ ಮಾಡಿದ್ರೆ ಅದು ಆಮಿಷ ಅಂತ ಬರೆದಿದ್ದಾರೆ. ನಾವು ಆ ಮನಸ್ಸಿಂದ ಕೊಡ್ತಿಲ್ಲ, ಆದ್ರೂ ನೋಡೋರ ಕಣ್ಣಿಗೆ ಅನುಮಾನ ಬರದ ಹಾಗೆ ನಡ್ಕೋಬೇಕು. ಅವರ ಮನೆಗೆ ಹೋದಾಗ ಪ್ರಾರ್ಥನೆ ಮಾಡ್ಲಾ ಅಂತ ಕೇಳೋಕೇ ಹೋಗಬೇಡ, ಪ್ರಾರ್ಥನೆ ನಿನ್ನ ಮನೇಲಿ ಮಾಡು. ಫೋಟೋ ತೆಗೀಬೇಡ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡ. ಸಭೆ ಹೆಸರು ಬೇಡ, ನೆರೆಯವಳು ಅಂತ ಹೋಗು. ಆ ಬೀದಿಯವರನ್ನೇ ಒಬ್ಬರನ್ನ ಜೊತೆಗೆ ಕರ್ಕೋ, ಅವರ ನೋವು ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಹಿಂಗೆಲ್ಲಾ ಹೇಳಿದೆ ಅಂತ ಹೋಗಬೇಡ ಅಂದ ಹಾಗಲ್ಲ. ನಮ್ಮಮ್ಮ ಮಿಷನ್ ಆಸ್ಪತ್ರೇಲಿ ಆಯಾ ಆಗಿದ್ರು. ಹೆಂಗಸರು ಮಕ್ಕಳಿಗೆ ಅಂತ 1906ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನೋರು ತೆಗೆದ ಆಸ್ಪತ್ರೆ ಅದು. ಆ ಮಿಷನ್ ನಡೀತಿದ್ದಿದ್ದೇ ಎಲ್ಲೆಲ್ಲೋ ಇದ್ದ ಸಣ್ಣ ಸಣ್ಣ ಸಭೆಯೋರ ಕಾಣಿಕೇಲಿ, ಚಾಮುಂಡಿ ಬೆಟ್ಟ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದೋರ ಕಾಸದು. ಹೆರಿಗೆಗೆ ಬಂದೋಳ ಜೊತೆ ಯಾರೂ ಇಲ್ಲ ಅಂದ್ರೆ ನಮ್ಮಮ್ಮ ಡ್ಯೂಟಿ ಮುಗಿದ್ರೂ ಮನೆಗೆ ಬರ್ತಿರಲಿಲ್ಲ, ಪಕ್ಕದಲ್ಲೇ ಕೂತಿರೋರು. ಏನ್ ಮಾಡ್ತೀಯಮ್ಮ ಅಲ್ಲಿ ಅಂದ್ರೆ, ಏನಿಲ್ಲ ಕೂತಿರ್ತೀನಿ ಅನ್ನೋರು. ನೀನೂ ಹೋಗಿ ಕೂತ್ಕೋ ಮಗಳೇ.

ಬನ್ನಿಮಂಟಪ_88:

ಅಜ್ಜಿ ಮಾತು ಓದಿ ಗಂಟಲು ಕಟ್ಟಿತು.

ಒಬ್ರೇ ಹೋಗ್ಬೇಡಿ ಅಂತ ಮಂಡ್ಯದ ಅಣ್ಣ ಹೇಳಿದ್ರಲ್ಲ, ನಾನು ವಿನ್ಸೆಂಟ್ ದೆ ಪೌಲ್ ಅನ್ನೋ ಕ್ಯಾಥೊಲಿಕ್ ಸೇವಾ ಸಂಘದಲ್ಲಿದ್ದೀನಿ, ನಮ್ಮಲ್ಲೂ ಅದೇ ಪದ್ಧತಿ, ಮನೆ ಭೇಟಿಗೆ ಯಾವಾಗ್ಲೂ ಇಬ್ಬಿಬ್ರು. ಈ ಸಂಘ ಶುರು ಮಾಡಿದ್ದು ಫಾದರ್ ಅಲ್ಲ ಬಿಷಪ್ ಅಲ್ಲ, 1833ರಲ್ಲಿ ಪ್ಯಾರಿಸಲ್ಲಿ ಫ್ರೆಡ್ರಿಕ್ ಓಝನಾಮ್ ಅನ್ನೋ ಇಪ್ಪತ್ತು ವರ್ಷದ ಕಾಲೇಜ್ ಹುಡುಗ, ಅವನೂ ಅವನ ಸ್ನೇಹಿತರೂ. ಚರ್ಚೆ ಮಾಡ್ತೀರಲ್ಲ, ಬಡವರಿಗೆ ಏನ್ ಮಾಡಿದ್ದೀರಿ ಅಂತ ಯಾರೋ ಕೇಳಿದ್ರಂತೆ, ಚಳಿಗೆ ತಮಗೆ ಅಂತ ಇಟ್ಕೊಂಡಿದ್ದ ಸೌದೆ ಹೊತ್ಕೊಂಡು ಹೋಗಿ ಒಂದು ಬಡ ಮನೆಗೆ ಕೊಟ್ರಂತೆ. ವಾರದ ಮೀಟಿಂಗಲ್ಲಿ ಒಂದು ಚೀಲ ಸುತ್ತ ಬರತ್ತೆ, ಯಾರು ಎಷ್ಟು ಹಾಕಿದ್ರು ಅಂತ ಯಾರಿಗೂ ಕಾಣಲ್ಲ, ನಮ್ಮ ದುಡ್ಡು ಎತ್ತೋದು ಅಷ್ಟೇ.

ಇನ್ನೊಂದು, ಸಾಲದ ವಿಷಯಕ್ಕೆ ನಮಗ್ಯಾಕೆ ಅನ್ನೋರಿಗೆ ಬೈಬಲ್ಲಲ್ಲಿ ನೆಹೆಮೀಯ 5ನೇ ಅಧ್ಯಾಯ ಓದೋಕೆ ಹೇಳಿ. ಹೊಲ ಮನೆ ಅಡವಿಟ್ಟು, ಮಕ್ಕಳನ್ನ ಜೀತಕ್ಕೆ ಬಿಟ್ಟ ಜನ ಗೋಳಿಟ್ಟಾಗ ಅಲ್ಲಿನ ಅಧಿಪತಿ ನೆಹೆಮೀಯ, ಸಾಲ ಕೊಟ್ಟ ದೊಡ್ಡವರನ್ನೇ ಸಭೆ ಸೇರಿಸಿ ಎದುರಿಗೇ ಕೇಳ್ತಾನೆ, ಹೊಲಾನೂ ಬಡ್ಡೀನೂ ವಾಪಸ್ ಕೊಡಿಸ್ತಾನೆ. ಯಾಜಕಕಾಂಡ 25ರಲ್ಲಿ ಐವತ್ತನೇ ವರ್ಷ ಬಿಡುಗಡೆ ವರ್ಷ, ಮಾರಿದ ಹೊಲ ವಾಪಸ್, ಜೀತಕ್ಕೆ ಹೋದೋರು ವಾಪಸ್ ಮನೆಗೆ ಅಂತಿದೆ, ಅದನ್ನೇ ಹಿಡ್ಕೊಂಡು 1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ ಎಂಟು ದೊಡ್ಡ ದೇಶಗಳ ಜಿ-8 ಕೂಟದ ನಾಯಕರು ಸೇರಿದ್ದಾಗ ಸುಮಾರು 70,000 ಜನ ಕೈ ಕೈ ಹಿಡಿದು ಊರಿನ ಸುತ್ತ ನಿಂತ್ರು, ಬಡ ದೇಶಗಳ ಸಾಲ ಬಿಡಿ ಅಂತ. ಚರ್ಚುಗಳಿಂದ ಬಸ್ಸು ಮಾಡ್ಕೊಂಡು ಬಂದ ಸಂಸಾರಸ್ಥರು ಎಷ್ಟೋ ಜನ ಅದರಲ್ಲಿ. ಮುಂದಿನ ವರ್ಷ ಜರ್ಮನಿಯ ಕಲೋನಲ್ಲಿ ಅದೇ ನಾಯಕರು ಸಾಲ ಇಳಿಸ್ತೀವಿ ಅಂತ ಒಪ್ಪಿದ್ರು. ಅವ್ರು ಅಷ್ಟು ದೂರ ನಿಂತ್ರು, ನೀವು ಹಿಂದಿನ ಬೀದಿಗೆ ಹೋಗ್ತಿದ್ದೀರ.

ಸುಗ್ಗಿಮನೆ (ಎಂಟು ದಿನ ಆದ್ಮೇಲೆ):

ಎಲ್ರಿಗೂ ಥ್ಯಾಂಕ್ಸ್. ಹೋಗಿ ಬಂದ್ವಿ. ಅವ್ರು, ನಾನು, ಮೂಲೆ ಅಂಗಡಿ ಆಂಟಿ, ಮೂರು ಜನ. ಹಿಂದಿನ ರಾತ್ರಿ ಹಳೇ ಕ್ಯಾಷಿಯರ್ ಸರ್ ಹೇಳಿದ ಹಾಗೆ ನಾಲ್ಕೂ ಕಾರ್ಡು ನಮ್ಮ ಊಟದ ಮೇಜಿನ ಮೇಲೆ ಹರಡಿದ್ವಿ, ಒಂದಂತೂ ಪೂರ್ತಿ ಇಂಗ್ಲಿಷಲ್ಲಿತ್ತು, ಎರಡು ವರ್ಷದಿಂದ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದೇ ಹೆಬ್ಬೆಟ್ಟು ಒತ್ತಿದ್ದಾರೆ. ನಮ್ಮನೆಯವರೇ ಕೂತು ಲೆಕ್ಕ ಬರೆದುಕೊಟ್ರು.

ಸ್ಟೇಷನ್ನಲ್ಲಿ ನಾನು ಮಾತಾಡಬೇಕಾಗುತ್ತೆ ಅಂತ ರಾತ್ರಿಯೆಲ್ಲಾ ನಿದ್ದೆ ಬಂದಿರಲಿಲ್ಲ, ಆದ್ರೆ ಕುರ್ಚಿ ಸಿಕ್ಕಿದ್ದೇ ತಡ ಅವರೇ ಶುರು ಮಾಡಿದ್ರು. ಮಕ್ಕಳು ತಟ್ಟೆ ಎತ್ಕೊಂಡು ಹೋಗಿದ್ದು ಹೇಳುವಾಗ ಮಾತ್ರ ನಿಲ್ಲಿಸಿದ್ರು, ಆಗ ಆಂಟಿ ಮುಂದುವರಿಸಿದ್ರು. ದೂರು ತಗೊಂಡು ಸ್ವೀಕೃತಿ ಕೊಟ್ರು, ಕಂಪನಿ ಮ್ಯಾನೇಜರನ್ನ ಕರೆಸ್ತೀವಿ ಅಂದಿದ್ದಾರೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಗುರುವಾರ ಹೋಗ್ತೀವಿ, ಕಂತು ಕಮ್ಮಿ ಮಾಡಿ ಅವಧಿ ಜಾಸ್ತಿ ಮಾಡಿಸೋದು ಕೇಳೋಕೆ. ಈ ವಾರ ರಾತ್ರಿ ಯಾರೂ ಬಂದಿಲ್ಲ.

ಕಮಿಟೀಲಿ ಇನ್ನೂ ಇಬ್ಬರಿಗೆ ಸಮಾಧಾನ ಇಲ್ಲ. ಉಳಿದ ದುಡ್ಡು ಕಂತಿಗೆ ಬೇಡ, ಗಂಡನ ಫಿಸಿಯೋಥೆರಪಿಗೆ ಕೊಡೋಣ ಅಂತ ಮಾತ್ರ ಎಲ್ರೂ ಒಪ್ಪಿದ್ರು. ಇವತ್ತು ಬೆಳಗ್ಗೆ ಆರೂವರೆಗೆ ಅವ್ರು ಕೆಲಸಕ್ಕೆ ಹೋಗ್ತಾ ನಮ್ಮ ಬಾಗಿಲು ತಟ್ಟಿದ್ರು, ಕೈಯಲ್ಲಿ ಪಕ್ಕದ ಮನೆಯವರ ಎರಡು ಸಾಲದ ಕಾರ್ಡು ಇತ್ತು.