ಚೆಂಸ್ತೊಹೋವಾದಲ್ಲಿ ಒಂದೇ ದಿನ: ಯಾಸ್ನಾ ಗೂರಾ ಮಠವನ್ನು ಎಲ್ಲಿಂದ ನೋಡಲು ಶುರು ಮಾಡಬೇಕು?

ಶಿವಮೊಗ್ಗದವಳು ಕೇಳಿದ್ದು:

ನಮಸ್ಕಾರ. ನಾನು ಪೋಲೆಂಡಿನ ಕ್ರಾಕುವ್‌ಗೆ ಬಂದು ಎಂಟು ತಿಂಗಳಾಯಿತು. ಮುಂದಿನ ವಾರ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಒಂದು ಶನಿವಾರ ಅವರನ್ನು ಚೆಂಸ್ತೊಹೋವಾಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆಫೀಸಿನಲ್ಲಿ ಯಾರನ್ನು ಕೇಳಿದರೂ "ಕಪ್ಪು ಮಾತೆಯ ಚಿತ್ರ ನೋಡಿ ಬನ್ನಿ" ಅನ್ನುತ್ತಾರೆ, ಅಷ್ಟೇ. ಅದು ಅಲ್ಲಿನ ಯಾಸ್ನಾ ಗೂರಾ ಮಠದಲ್ಲಿರುವ, ಯೇಸುವಿನ ತಾಯಿ ಮೇರಿಯ ಚಿತ್ರ. ಅಮ್ಮನಿಗೆ ಅದು ಸಾಕು, ಯಾವ ದೇವರಾದರೂ ಕೈ ಮುಗಿಯುತ್ತಾರೆ. ಅಪ್ಪ ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವರು. ಎಲ್ಲಿ ಹೋದರೂ ಮೊದಲು ಗೋಡೆ ಮುಟ್ಟಿ ನೋಡುತ್ತಾರೆ. ಅವರಿಗೆ ಅಲ್ಲಿ ಏನು ತೋರಿಸಲಿ? ಅಮ್ಮನಿಗೆ ಮಂಡಿನೋವು ಬೇರೆ, ಜಾಸ್ತಿ ಹತ್ತಿಸುವ ಹಾಗಿಲ್ಲ.

ಹಾಸನದ ಸಿವಿಲ್ ಹುಡುಗ:

ನಾನು ಆ ಊರಲ್ಲೇ ಎರಡು ವರ್ಷ ಓದಿದವನು. ಬೇಜಾರಾದಾಗಲೆಲ್ಲ ಮಠ ಇರುವ ಗುಡ್ಡಕ್ಕೆ ಹೋಗಿ ಕೂರುತ್ತಿದ್ದೆ. ನನ್ನ ಮಾತು ಕೇಳಿ, ನೇರವಾಗಿ ಚಿತ್ರದ ಹತ್ತಿರ ಹೋಗಬೇಡಿ. ಮೊದಲು ಹೊರಗೆ ಒಂದು ಸುತ್ತು ಹಾಕಿ.

ಯಾಕೆ ಅಂದರೆ ಅದು ಬರೀ ಮಠ ಅಲ್ಲ, ಕೋಟೆ. 1382ರಲ್ಲಿ ಒಪೋಲೆಯ ದೊರೆ ವ್ವಾದಿಸ್ವಾಫ್ ಹಂಗೇರಿಯಿಂದ ಪೌಲೀನ್ ಸನ್ಯಾಸಿಗಳನ್ನು ಕರೆಸಿ ಈ ಗುಡ್ಡ ಕೊಟ್ಟ. ಆಗ ಇಲ್ಲಿ ಇದ್ದದ್ದು ಚಿಕ್ಕ ಚರ್ಚು. 1430ರ ಈಸ್ಟರ್ ಹೊತ್ತಿಗೆ ದರೋಡೆಕೋರರು ನುಗ್ಗಿ ಚಿತ್ರವನ್ನೇ ಒಡೆದು ಹಾಕಿದರು. ಸುತ್ತ ಗಟ್ಟಿ ಗೋಡೆ ಬಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ, 17ನೇ ಶತಮಾನದಲ್ಲಿ. ನಾಲ್ಕು ಮೂಲೆಗೆ ನಾಲ್ಕು ಕೊತ್ತಲ, ಬಾಣದ ತುದಿಯ ಹಾಗೆ ಹೊರಗೆ ಚಾಚಿವೆ. ಒಂದು ಕೊತ್ತಲದ ಪಕ್ಕದಲ್ಲಿ ನಿಂತರೆ ಪಕ್ಕದ ಗೋಡೆ ಉದ್ದಕ್ಕೂ ಕಾಣುತ್ತದೆ. ಗೋಡೆಯ ಬುಡಕ್ಕೆ ಬಂದ ಶತ್ರುವಿಗೆ ಅವಿತುಕೊಳ್ಳಲು ಜಾಗವೇ ಇಲ್ಲ. ಅಪ್ಪನನ್ನು ಅಲ್ಲಿ ನಿಲ್ಲಿಸಿ, ಅವರೇ ನಿಮಗೆ ಹೇಳುತ್ತಾರೆ ನೋಡಿ.

1655ರ ನವೆಂಬರ್‌ನಲ್ಲಿ ಸ್ವೀಡನ್ ಸೈನ್ಯ ಬಂದು ಮುತ್ತಿಗೆ ಹಾಕಿತು. ಮಠದ ಮುಖ್ಯಸ್ಥ ಆಗಸ್ಟಿನ್ ಕೊರ್ದೆಟ್ಸ್ಕಿ ಬಾಗಿಲು ತೆರೆಯಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಸ್ವೀಡನ್ನವರು ಗುಡಾರ ಕಿತ್ತುಕೊಂಡು ಹೋದರು. ಕೊರ್ದೆಟ್ಸ್ಕಿಯ ಪ್ರತಿಮೆ ಒಂದು ಕೊತ್ತಲದ ಮೇಲಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ವಿಷಯ. ಮುತ್ತಿಗೆಗೆ ಮೊದಲೇ ಮೂಲ ಚಿತ್ರವನ್ನು ಗುಟ್ಟಾಗಿ ಬೇರೆ ಮಠಕ್ಕೆ ಸಾಗಿಸಿದ್ದರು! ಒಳಗೆ ಇದ್ದದ್ದು ಗೋಡೆ, ಫಿರಂಗಿ ಮತ್ತು ಜನ. 1813ರಲ್ಲಿ ರಷ್ಯಾದ ತ್ಸಾರ್ ಈ ಗೋಡೆಗಳನ್ನೇ ಕೆಡವಿಸಿದ. ಈಗ ನಾವು ನೋಡುವುದರಲ್ಲಿ ಬಹಳಷ್ಟು ಆಮೇಲೆ ಎಬ್ಬಿಸಿದ್ದು.

ಇನ್ನು ಗೋಪುರ. 106 ಮೀಟರ್ ಎತ್ತರ. 1900ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, 1906ಕ್ಕೆ ಮತ್ತೆ ನಿಲ್ಲಿಸಿದರು, ಮೊದಲಿಗಿಂತ ಎತ್ತರವಾಗಿ. ಬೈನಾಕ್ಯುಲರ್ ಇದ್ದರೆ ತುದಿ ನೋಡಿ. ಅಲ್ಲಿ ಕೊಕ್ಕಿನಲ್ಲಿ ರೊಟ್ಟಿ ಕಚ್ಚಿಕೊಂಡ ಒಂದು ಕಾಗೆ ಇದೆ. ಮರಳುಗಾಡಿನಲ್ಲಿ ಒಬ್ಬನೇ ಇದ್ದ ಸಂತ ಪೌಲನಿಗೆ ದಿನಾ ಕಾಗೆ ರೊಟ್ಟಿ ತಂದು ಕೊಡುತ್ತಿತ್ತಂತೆ. ಈ ಸನ್ಯಾಸಿಗಳ ಹೆಸರು ಬಂದದ್ದು ಅವನಿಂದಲೇ. ಅಷ್ಟು ಮೇಲೆ, ಯಾರ ಕಣ್ಣಿಗೂ ಬೀಳದ ಕಡೆ ಅದನ್ನು ಇಟ್ಟಿದ್ದಾರಲ್ಲ, ನನಗೆ ತುಂಬಾ ಇಷ್ಟ. ಗೋಪುರಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಅಮ್ಮನಿಗೆ ಬೇಡ.

ಕತೊವಿತ್ಸೆ ಮನೆಯವರು:

ಬೆಳಿಗ್ಗೆ ಬೇಗ ಹೊರಡಿ ಅಕ್ಕಾ. ರಾತ್ರಿ ಹೊತ್ತು ಚಿತ್ರದ ಮುಂದೆ ಒಂದು ಬೆಳ್ಳಿ ತಗಡಿನ ಪರದೆ ಇಳಿಸಿರುತ್ತಾರೆ, ಬೆಳಿಗ್ಗೆ ಆರಕ್ಕೆ ತುತ್ತೂರಿ ಊದುತ್ತಾ ಅದನ್ನು ನಿಧಾನಕ್ಕೆ ಮೇಲೆತ್ತುತ್ತಾರೆ. ಅಷ್ಟು ಬೇಗ ಆಗದಿದ್ದರೆ ರಾತ್ರಿ ಒಂಬತ್ತರ ಪ್ರಾರ್ಥನೆಗಾದರೂ ಇರಿ. ಕಪ್ಪು ಎಬನಿ ಮರ, ಮೇಲೆ ಬೆಳ್ಳಿ ಕೆತ್ತನೆ, ಆ ಪೀಠ 1650ರದ್ದು. ನಮ್ಮಲ್ಲಿ ದೇವರಿಗೆ ಅಲಂಕಾರ ಮಾಡುವ ಹಾಗೆ ಈ ಚಿತ್ರಕ್ಕೂ ಬೇರೆ ಬೇರೆ ಉಡುಪುಗಳಿವೆ, ವಜ್ರದ್ದು, ಮಾಣಿಕ್ಯದ್ದು. ನಿಮ್ಮ ಅಮ್ಮನಿಗೆ ಖಂಡಿತ ಖುಷಿಯಾಗುತ್ತದೆ. ಆಗಸ್ಟ್ 15ರ ಆಸುಪಾಸು ಮಾತ್ರ ಬೇಡ. 1711ರಿಂದ ವಾರ್ಸಾದಿಂದ ನಡೆದುಕೊಂಡು ಬರುವ ಪಾದಯಾತ್ರೆ ಆಗ ಬಂದು ಸೇರುತ್ತದೆ, ಕಾಲಿಡಲು ಜಾಗ ಸಿಗುವುದಿಲ್ಲ.

ಹಾಸನದ ಸಿವಿಲ್ ಹುಡುಗ:

ಇವರು ಹೇಳಿದ್ದು ಸರಿ. ಇನ್ನೊಂದು ಮರೆತಿದ್ದೆ. ಸ್ಟೇಷನ್‌ನಿಂದ ಟ್ಯಾಕ್ಸಿ ಹಿಡಿಯಬೇಡಿ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ನೇರ ರಸ್ತೆ ಇದೆ, ಎರಡು ಕಡೆ ಮರ, ಕೂರಲು ಬೆಂಚು. ಮೊದಲು ಈ ರಸ್ತೆಯ ಎರಡು ತುದಿಗೆ ಎರಡು ಬೇರೆ ಬೇರೆ ಊರುಗಳಿದ್ದವು, ಆ ರಸ್ತೆ ಹಾಕಿ 1826ರಲ್ಲಿ ಒಂದು ಮಾಡಿದರು. ಗೋಪುರ ಎದುರಿಗೇ ಕಾಣುತ್ತಿರುತ್ತದೆ. ಅಮ್ಮ ಎಲ್ಲಿ ಬೇಕಾದರೂ ಕೂತು ಸುಧಾರಿಸಿಕೊಳ್ಳಬಹುದು.

ಸಮಯ ಇದ್ದರೆ ಫಿಲ್‌ಹಾರ್ಮೋನಿಕ್ ಸಂಗೀತ ಭವನದ ಮುಂದೆ ಒಂದು ನಿಮಿಷ ನಿಲ್ಲಿ. ಅಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಹೊಸ ಸಿನಗಾಗ್ ಇತ್ತು. 1939ರ ಡಿಸೆಂಬರ್ 25ರಂದು ಜರ್ಮನರ ಆಳ್ವಿಕೆಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಭವನಕ್ಕೆ ಪಿಟೀಲುವಾದಕ ಬ್ರೊನಿಸ್ವಾಫ್ ಹೂಬರ್‌ಮನ್ ಹೆಸರಿಟ್ಟಿದ್ದಾರೆ, ಇದೇ ಊರಲ್ಲಿ ಹುಟ್ಟಿದ ಯಹೂದಿ. ಮಠ ನೋಡಿ ರೈಲು ಹತ್ತುವವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ದಯವಿಟ್ಟು ನೀವು ಹೋಗಿ.

ಶಿವಮೊಗ್ಗದವಳು:

ಹೋಗಿ ಬಂದೆವು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪ ಕೊತ್ತಲದ ಹತ್ತಿರ ಮುಕ್ಕಾಲು ಗಂಟೆ ನಿಂತರು. ಕೋಲು ತೆಗೆದುಕೊಂಡು ಮಣ್ಣಲ್ಲಿ ಮೂಲೆ ಬರೆದು, ಗುಂಡು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿತ್ತು ಅಂತ ನನಗೂ ಅಮ್ಮನಿಗೂ ತೋರಿಸಿದರು.

ಒಳಗೆ ಜನ ಮಂಡಿಯೂರಿಕೊಂಡೇ ಪೀಠದ ಸುತ್ತ ಪ್ರದಕ್ಷಿಣೆ ಬರುತ್ತಿದ್ದರು. ಒಬ್ಬ ಮುದುಕಿ ಒಂದು ಕೈ ಗೋಡೆಗೆ ಕೊಟ್ಟುಕೊಂಡು ಎರಡು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಅಮ್ಮ ಅವರನ್ನೇ ನೋಡುತ್ತಿದ್ದರು. ಗೋಡೆ ತುಂಬ ಊರುಗೋಲು, ಹವಳದ ಸರ, ಬೆಳ್ಳಿಯ ಪುಟ್ಟ ಹೃದಯಗಳು. ಚಿತ್ರದ ಬಲಗೆನ್ನೆಯ ಮೇಲೆ ಎರಡು ಉದ್ದ ಗೀರು ಕಂಡವು. ಅಷ್ಟು ಚೆನ್ನಾಗಿ ರಿಪೇರಿ ಮಾಡಿದವರು ಅದನ್ನು ಯಾಕೆ ಬಿಟ್ಟರು ಅಂತ ಅಮ್ಮ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಹಾಸನದ ಸಿವಿಲ್ ಹುಡುಗ:

ಅದು 1430ರ ಏಟಿನದೇ ಗುರುತು. ರಾಜ ಯಾಗಿಯೆವ್ವೊ ಕ್ರಾಕುವ್‌ನಲ್ಲಿ ಚಿತ್ರವನ್ನು ರಿಪೇರಿ ಮಾಡಿಸಿದ. ಎಷ್ಟು ಸಲ ಬಣ್ಣ ಹಚ್ಚಿದರೂ ಆ ಗೀರು ಮತ್ತೆ ಮೇಲೆ ಬರುತ್ತಿತ್ತು ಅಂತ ಭಕ್ತರು ಹೇಳುತ್ತಾರೆ. ಬೇಕು ಅಂತಲೇ ಗುರುತು ಉಳಿಸಿದರು ಅನ್ನುತ್ತಾರೆ ಚಿತ್ರ ಪರೀಕ್ಷೆ ಮಾಡಿದವರು. ಅಮ್ಮನಿಗೆ ಎರಡನ್ನೂ ಹೇಳಿ.