ಬೆಂಗಳೂರಲ್ಲಿ ರಿಪೇರಿಯಾದ ಲಿಬರೇಟರ್ ಬಾಂಬರ್‌ಗೆ ಮ್ಯೂಸಿಯಂನಲ್ಲಿ ಯಾವ ಬಣ್ಣ ಬಳಿಯಬೇಕು?

ಲಂಡನ್ ಕನ್ನಡಿಗ:
ಹೋದ ವಾರ ಮಗಳನ್ನು ಕರೆದುಕೊಂಡು ಹೆಂಡನ್‌ನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಕೆಎನ್‌751 ನಂಬರಿನ ಬಿ-24 ಲಿಬರೇಟರ್ ಇದೆ. ಎರಡನೇ ಮಹಾಯುದ್ಧದ್ದು, ನಾಲ್ಕು ಎಂಜಿನ್, ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ. ಯುದ್ಧ ಆದಮೇಲೆ ಇದು ನಮ್ಮ ವಾಯುಪಡೆಯಲ್ಲಿ ಎಚ್‌ಇ807 ಆಗಿತ್ತು, 1974ರಲ್ಲಿ ಭಾರತದಿಂದ ಇಲ್ಲಿಗೆ ಹಾರಿಬಂತು. ಆದರೆ ಮೈಮೇಲೆ ಇರೋದೆಲ್ಲ ಬ್ರಿಟಿಷ್ ಗುರುತು. "ನಮ್ಮ ಕೇಸರಿ ಬಿಳಿ ಹಸಿರು ಎಲ್ಲಪ್ಪ?" ಅಂತ ಮಗಳು ಕೇಳಿದಳು, ಉತ್ತರ ಹೇಳಲು ಆಗಲಿಲ್ಲ.

ತಿಳಿದವರು ಹೇಳಿ. ಇಂಥ ಹಳೇ ಬಾಂಬರ್ ರಿಪೇರಿ ಮಾಡುವಾಗ ಮೂಲದ ಭಾಗ ಎಷ್ಟು ಉಳಿಯುತ್ತದೆ? ಯಾವ ಕಾಲದ ಬಣ್ಣ ಹಾಕಬೇಕು ಅಂತ ತೀರ್ಮಾನ ಮಾಡೋದು ಹೇಗೆ?

ವಿಮಾನಪುರದ ಮೊಮ್ಮಗಳು:
ಈ ವಿಮಾನಗಳ ವಿಷಯ ಬಂದರೆ ನನಗೆ ಸುಮ್ನೆ ಇರಲು ಆಗೋದಿಲ್ಲ. ಯುದ್ಧ ಮುಗಿದಾಗ ಬ್ರಿಟಿಷರು ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಬಿಟ್ಟುಹೋದರು. ಅಮೆರಿಕ ಲೆಂಡ್-ಲೀಸ್‌ನಲ್ಲಿ, ಅಂದರೆ ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳಿಗೆ ಸಾಮಗ್ರಿ ಒದಗಿಸುವ ಯೋಜನೆಯಲ್ಲಿ, ಕೊಟ್ಟಿದ್ದ ವಿಮಾನಗಳು ಅವು, ಮತ್ತೆ ಯಾರೂ ಹಾರಿಸಬಾರದು ಅಂತ ಬೇಕಂತಲೇ ಜಖಂ ಮಾಡಿದ್ದರು. ಎಚ್‌ಎಎಲ್‌ನವರು ಆ ರಾಶಿಯಲ್ಲಿ ಚೆನ್ನಾಗಿದ್ದವನ್ನು ಹುಡುಕಿ, ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಕೂರಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಮಟ್ಟಿಗೆ ತಯಾರು ಮಾಡಿದರು. ಅಲ್ಲಿಂದ ಅವನ್ನು ಹಾರಿಸಿಕೊಂಡು ಬಂದವರು ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಶಿ. ಆ ಸ್ಥಿತಿಯ ವಿಮಾನದಲ್ಲಿ ಅಷ್ಟು ದೂರ! ಪೂರ್ತಿ ರಿಪೇರಿ ಆಗಿದ್ದು ನಮ್ಮೂರಿನ ಹ್ಯಾಂಗರ್‌ಗಳಲ್ಲಿ. 1948ರ ನವೆಂಬರ್‌ನಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ (ವಿಮಾನ ತುಕಡಿ) ಇವುಗಳಿಂದಲೇ ಶುರುವಾಯಿತು, ಒಟ್ಟು 40ಕ್ಕೂ ಜಾಸ್ತಿ ವಿಮಾನ ಹೀಗೆ ಎದ್ದು ನಿಂತವು, 1968ರವರೆಗೆ ಹಾರಿದವು.

ನಮ್ಮಜ್ಜ ಷೀಟ್ ಮೆಟಲ್ ಕೆಲಸದಲ್ಲಿದ್ದರು. ಹೊರಗೆ ಒಬ್ಬರು ತಗಡು ಜೋಡಿಸುವ ರಿವೆಟ್ ಹೊಡೆದರೆ ಇವರು ಒಳಗೆ ಮುದುರಿ ಕೂತು ಡಾಲಿ, ಅಂದರೆ ಲೋಹದ ಗಟ್ಟಿ, ಒತ್ತಿ ಹಿಡಿಯಬೇಕು. ಬೇಸಿಗೆಯಲ್ಲಿ ಒಳಗೆ ಒಲೆ ಇದ್ದ ಹಾಗೆ ಅನ್ನುತ್ತಿದ್ದರು, ಕೊನೆಗಾಲದಲ್ಲಿ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಮೂಲದ್ದು ಎಷ್ಟು ಅಂತ ಕೇಳಿದರೆ, ಬೆಂಗಳೂರಿನ ರಿವೆಟ್ಟೂ ಮೂಲದ್ದೇ ಅಂತೀನಿ ನಾನು.

ರಿವೆಟ್ ಗನ್:
ವಿಮಾನ ರಿಪೇರಿ ನನ್ನ ಹೊಟ್ಟೆಪಾಡು, ಹಾಗಾಗಿ ಮೊದಲ ಪ್ರಶ್ನೆಗೆ ನಾನು ಹೇಳ್ತೀನಿ. ಹಾರಿಸಬೇಕೋ, ನಿಲ್ಲಿಸಿ ತೋರಿಸಬೇಕೋ ಅನ್ನೋದರ ಮೇಲೆ ಎಲ್ಲ ನಿಂತಿದೆ. ಹಾರಬೇಕಾದರೆ ಸ್ವಲ್ಪ ಅನುಮಾನ ಬಂದ ಭಾಗವನ್ನೂ ಕಿತ್ತು ಹೊಸದು ಹಾಕಲೇಬೇಕು, ಅಲ್ಲಿ ಜೀವದ ಪ್ರಶ್ನೆ. ಬರೀ ಪ್ರದರ್ಶನಕ್ಕಾದರೆ ಬಿರುಕು ಬಿಟ್ಟ ಪಟ್ಟಿಯನ್ನೂ ಹಾಗೇ ಇಟ್ಟು, ಭಾರ ಹೊರಲು ಪಕ್ಕದಲ್ಲಿ ಆಸರೆ ಕೊಡಬಹುದು.

ದೊಡ್ಡ ಶತ್ರು ತುಕ್ಕು. ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗೋದಿಲ್ಲ, ಬಿಳಿ ಪುಡಿ ಉದುರುತ್ತದೆ, ಪದರ ಪದರವಾಗಿ ಉಬ್ಬುತ್ತದೆ. ಉಕ್ಕಿನ ಬೋಲ್ಟ್ ತಾಗುವ ಕಡೆ ತೇವ ನಿಂತರೆ ಇನ್ನೂ ಜೋರು. ಬಣ್ಣದ ಅಡಿ ಕಾಣೋದೇ ಇಲ್ಲ. 2013ರಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಸ್ಯಾಂಡ್ಸ್ ಹತ್ತಿರ ಸಮುದ್ರದಿಂದ ಜರ್ಮನ್ ಡೋರ್ನಿಯರ್ 17 ಬಾಂಬರ್ ಎತ್ತಿದರಲ್ಲ, ಅದನ್ನು ಅದೇ ಆರ್‌ಎಎಫ್ ಮ್ಯೂಸಿಯಂನ ಕಾಸ್ಫೋರ್ಡ್ ಶಾಖೆಯಲ್ಲಿ ಟೆಂಟಿನೊಳಗೆ ಇಟ್ಟು ಸಿಟ್ರಿಕ್ ಆಸಿಡ್ ಬೆರೆಸಿದ ನೀರನ್ನು ಸಿಂಪಡಿಸುತ್ತಾ ಇದ್ದರು. ನಿಂಬೆಹಣ್ಣಿನಲ್ಲಿರೋ ಹುಳಿಯೇ ಅದು! ಮೇಲೆ ಹತ್ತಿದ್ದ ಚಿಪ್ಪು, ಉಪ್ಪು ಎಲ್ಲ ನಿಧಾನಕ್ಕೆ ಬಿಡಲಿ ಅಂತ. ಅದಕ್ಕೆ ಬಣ್ಣ ಬಳಿದು ಹೊಸದು ಮಾಡುವ ಆಸೆ ಯಾರಿಗೂ ಇರಲಿಲ್ಲ. ನನಗೆ ಅದು ತುಂಬ ಸರಿ ಅನ್ನಿಸಿತು.

ಇನ್ನೊಂದು ಮಾತು. ವಿಮಾನದ ಹಳೇ ಮೀಟರ್‌ಗಳು ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಯಾರಾದರೂ ಕೈಗೆ ಸಿಕ್ಕಿತು ಅಂತ ಗಾಜು ಬಿಚ್ಚಿ ಒರೆಸಲು ಹೋಗಬೇಡಿ, ದಯವಿಟ್ಟು.

ಧಾರವಾಡ ಶಾಲಿನಿ:
ಬಣ್ಣದ ವಿಷಯದಲ್ಲಿ ನಾನು ಮ್ಯೂಸಿಯಂ ಪರ. ಕೆಎನ್‌751 ಯುದ್ಧದಲ್ಲಿ ಬ್ರಿಟಿಷ್ 99ನೇ ಸ್ಕ್ವಾಡ್ರನ್‌ನಲ್ಲಿತ್ತು. ಅವರ ಮ್ಯೂಸಿಯಂನಲ್ಲಿ ಅವರ ಕಾಲದ ರೂಪ ಕೊಟ್ಟರೆ ತಪ್ಪೇನು? ಅಮೆರಿಕದ ಮೆಂಫಿಸ್ ಬೆಲ್ ಅನ್ನೋ ಬಿ-17 ಬಾಂಬರ್ ನೋಡಿ. ಅದು ಊರ ಮಧ್ಯೆ ಬಿಸಿಲು ಮಳೆಯಲ್ಲಿ ವರ್ಷಗಟ್ಟಲೆ ನಿಂತು, ಜನ ನೆನಪಿಗೆ ಅಂತ ಭಾಗಗಳನ್ನು ಕಿತ್ತುಕೊಂಡು ಹೋಗಿದ್ದರು. ಡೇಟನ್‌ನ ಅಮೆರಿಕ ವಾಯುಪಡೆ ಮ್ಯೂಸಿಯಂನಲ್ಲಿ 2005ರಿಂದ ಕೆಲಸ ಮಾಡಿ, 2018ರ ಮೇ 17ಕ್ಕೆ, ಅದರ 25ನೇ ದಾಳಿ ಮುಗಿದು ಸರಿಯಾಗಿ 75 ವರ್ಷಕ್ಕೆ ತೆರೆದಿಟ್ಟರು. ಅಲ್ಲಿ ಯುದ್ಧಕಾಲದ ರೂಪವೇ ಬೇಕಿತ್ತು, ಅಲ್ವಾ?

ವಿಮಾನಪುರದ ಮೊಮ್ಮಗಳು:
ಶಾಲಿನಿ ಅವರೇ, ಮೆಂಫಿಸ್ ಬೆಲ್‌ಗೆ ಅದು ಸರಿ, ಅದರ ಕಥೆ ಅಲ್ಲಿದೆ. ಲಿಬರೇಟರ್ ಹಾಗಲ್ಲ. ಅಮೆರಿಕದಲ್ಲಿ ಹಳೇ ವಿಮಾನ ಹಾರಿಸುವ ಕಾಲಿಂಗ್ಸ್ ಫೌಂಡೇಶನ್ ಸಂಸ್ಥೆ ಹಾರಿಸುತ್ತಿದ್ದ ಲಿಬರೇಟರ್ ಕೂಡ ನಮ್ಮ ವಾಯುಪಡೆಯದ್ದೇ. ಅದಕ್ಕೆ ಮೊದಲು ಆಲ್ ಅಮೆರಿಕನ್, ಆಮೇಲೆ ಡ್ರ್ಯಾಗನ್ ಆ್ಯಂಡ್ ಹಿಸ್ ಟೇಲ್, ಆಮೇಲೆ ವಿಚ್‌ಕ್ರಾಫ್ಟ್ ಅಂತ ಮೂರು ಸಲ ಹೆಸರು, ಬಣ್ಣ ಬದಲಾಯಿತು. ಅಮೆರಿಕದ ಟುಸಾನ್, ಕೆನಡಾದ ಒಟ್ಟಾವಾ ಮ್ಯೂಸಿಯಂಗಳಲ್ಲಿ ನಿಂತಿರುವವೂ ಭಾರತದಿಂದ ಹೋದವು. 1968ರವರೆಗೆ ನಾವು ಹಾರಿಸಿದ್ದಕ್ಕೇ ಅವು ಗುಜರಿಗೆ ಹೋಗದೆ ಉಳಿದವು. ಪೂರ್ತಿ ನಮ್ಮ ಬಣ್ಣ ಬಳಿಯಿರಿ ಅಂತ ನಾನು ಕೇಳ್ತಿಲ್ಲ. ಬಣ್ಣ ಉಜ್ಜುವಾಗ ಒಂದು ಮೊಳದಷ್ಟು ಜಾಗದಲ್ಲಿ ಹಳೇ ಪದರ ಹಾಗೇ ಬಿಡಲಿ, ಪಕ್ಕದಲ್ಲಿ ಬೆಂಗಳೂರಿನ ಹೆಸರಿರಲಿ.

ರಿವೆಟ್ ಗನ್:
ಅದು ಖಂಡಿತ ಆಗುವ ಕೆಲಸ. ಉಜ್ಜುವ ಮೊದಲು ಫೋಟೋ ತೆಗೆದು, ಒಂದು ಮೂಲೆಯಲ್ಲಿ ಪದರಗಳನ್ನು ಮೆಟ್ಟಿಲಿನ ಹಾಗೆ ಒಂದೊಂದಾಗಿ ಬಿಡಿಸಿದರೆ ಯಾವ ಕಾಲಕ್ಕೆ ಯಾವ ಬಣ್ಣ ಅಂತ ಅಲ್ಲೇ ಕಾಣುತ್ತದೆ.

ಲಂಡನ್ ಕನ್ನಡಿಗ:
ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಮಗಳನ್ನು ಮತ್ತೆ ಕರೆದುಕೊಂಡು ಹೋಗ್ತೀನಿ, ಈ ಸಲ ರೆಕ್ಕೆಯ ಅಡಿ ನಿಂತು ರಿವೆಟ್ ಸಾಲುಗಳನ್ನು ತೋರಿಸಬೇಕು. ವಿಮಾನಪುರದವರೇ, ಅಜ್ಜ ಕೆಲಸದಲ್ಲಿದ್ದಾಗಿನ ಫೋಟೋ ಏನಾದರೂ ಇದೆಯಾ?

ವಿಮಾನಪುರದ ಮೊಮ್ಮಗಳು:
ಒಂದೇ ಒಂದಿದೆ, ಹ್ಯಾಂಗರ್ ಮುಂದೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ. ಅಮ್ಮನ ಹತ್ತಿರ ಇದೆ, ಭಾನುವಾರ ಸ್ಕ್ಯಾನ್ ಮಾಡಿ ಹಾಕ್ತೀನಿ.